ಮೂರನೇ ತೊಲೆಯ ಅಳತೆ

ಎಲ್ಲಕ್ಕೂ ಮೂಲ, ಟಿ.ವಿ.ಯವರ ಕ್ಯಾಮೆರಾ ಗಾಡಿಯ ಚಾಲಕ ಮುಂದೆ ನೋಡಿಕೊಂಡು ಹಿಂದಕ್ಕೆ ಬಂದದ್ದು. ಹಾಗೆ ಬರುವವರಿಂದ ಲೋಕದಲ್ಲಿ ಇನ್ನೂ ಯಾರಿಗೂ ಒಳ್ಳೆಯದಾಗಿಲ್ಲ. ಮಧ್ಯಾಹ್ನ ಮೂರರ ಬಿಸಿಲಲ್ಲಿ ಆ ಗಾಡಿ ಸದ್ದಿಲ್ಲದೆ ಹಿಂದಕ್ಕೆ ಉರುಳಿ, ಓಟದ ಹಾದಿಯ ಅಂಚಿನಲ್ಲಿ ಸಜ್ಜಾಗಿ ನಿಂತಿದ್ದ ಮೂರನೇ ತೊಲೆಗೆ ಗುದ್ದಿತು. ತೊಲೆಗೆ ಏನೂ ಆಗಲಿಲ್ಲ, ಅದರ ಕಾಲುಗಳೆರಡೂ ಲಟಕ್ಕೆಂದು ಮುರಿದವು. ಚಾಲಕ ಇಳಿದು ಬಂದು ಮೊದಲು ತನ್ನ ಗಾಡಿಗೆ ಗೀರು ಬಿದ್ದಿದೆಯೇ ಎಂದು ನೋಡಿಕೊಂಡ.

ನಲವತ್ತು ದೇಶದವರು ಬಂದಿಳಿದಿದ್ದ ಕ್ರೀಡಾಕೂಟ ಅದು. ಸಂಜೆ ಐದಕ್ಕೆ ಗಂಡಸರ ಸ್ಟೀಪಲ್‌ಚೇಸ್ ಫೈನಲ್. ನೋಡದವರಿಗಾಗಿ ಹೇಳುತ್ತೇನೆ: ಮನುಷ್ಯ ಮೂರು ಸಾವಿರ ಮೀಟರು ಸುಮ್ಮನೆ ಓಡಿದರೆ ಸಾಲದು ಎಂದುಕೊಂಡ ಯಾರೋ ಪುಣ್ಯಾತ್ಮ, ಒಂದೊಂದು ಸುತ್ತಿಗೂ ಐದೈದು ಭಾರಿ ತೊಲೆಗಳನ್ನು ಅಡ್ಡ ಇಡಿಸಿ, ನಾಲ್ಕನೆಯದರ ಆಚೆಗೆ ಒಂದು ನೀರಿನ ಗುಂಡಿಯನ್ನೂ ತೋಡಿಸಿದ ಓಟ ಇದು. ಬೇರೆ ಓಟಗಳಲ್ಲಿ ಕಾಲು ತಾಗಿದರೆ ಅಡ್ಡಪಟ್ಟಿ ಬೀಳುತ್ತದೆ. ಇಲ್ಲಿ ಬೀಳುವುದು ಓಟಗಾರ. ತೊಲೆಯ ಎತ್ತರ ನೆಲದಿಂದ ತೊಂಬತ್ತೊಂದು ಪಾಯಿಂಟ್ ನಾಲ್ಕು ಸೆಂಟಿಮೀಟರ್ ಇರಬೇಕು; ಕಾಲುಗಳು ತೊಲೆಯ ಮೇಲಂಚಿನವರೆಗೂ ಬರುವುದರಿಂದ ಕಾಲಿನ ಉದ್ದವೂ ಅಷ್ಟೇ. ಅದು ತಪ್ಪಿದರೆ ಓಡಿದ್ದೆಲ್ಲ ನೀರಲ್ಲಿ ಹೋಮ, ಪದಕವೂ ಇಲ್ಲ ಪಟ್ಟವೂ ಇಲ್ಲ.

"ಮೇಸ್ತ್ರೀನ ಕರೀರಿ" ಎಂದರು.

ಮೇಸ್ತ್ರಿ ಎಂದರೆ ಆ ಕ್ರೀಡಾಂಗಣದ ಬಡಗಿ. ಮೆಟ್ಟಿಲುಗಳ ಅಡಿಯ ಇಳಿಜಾರು ಚಾವಣಿಯ ಕೋಣೆಯಲ್ಲಿ, ಮರದ ಹೊಟ್ಟಿನ ನಡುವೆ ಮೂವತ್ತೊಂದು ವರ್ಷ ಕಳೆದವನು. ತಲೆ ಬಗ್ಗಿಸಿ ನಡೆದು ನಡೆದು, ಬಯಲಲ್ಲೂ ಬಗ್ಗಿಯೇ ನಡೆಯುತ್ತಿದ್ದ. ಅವನ ಹೆಂಡತಿ ಅದೇ ಕ್ರೀಡಾಂಗಣ ಗುಡಿಸುವ ಕೆಲಸದಲ್ಲಿದ್ದಳು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಪೊರಕೆಯನ್ನು ಗೋಡೆಗೆ ಒರಗಿಸಿ, ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತವಳು ಮತ್ತೆ ಏಳಲಿಲ್ಲ.

ಮೇಸ್ತ್ರಿ ಮೂರು ದಿನ ರಜ ಹಾಕಿ ನಾಲ್ಕನೆಯ ದಿನ ಕೆಲಸಕ್ಕೆ ಬಂದ. ಅಳಲಿಲ್ಲ. ಅವನು ಅಳುವುದನ್ನು ಕಾಯುತ್ತಾ ಇಡೀ ಸಿಬ್ಬಂದಿಯೇ ಸುಸ್ತಾಗಿತ್ತು. ಉಗ್ರಾಣದ ಲೆಕ್ಕ ನೋಡುವ ಸ್ಟೋರಮ್ಮನಂತೂ ಪ್ರತಿ ಸೋಮವಾರ ತಪ್ಪದೆ ಬಂದು, "ಒಂದ್ಸಲ ಅತ್ತುಬಿಡಿ ಮೇಸ್ತ್ರಿ, ಎದೆ ಹಗುರಾಗುತ್ತೆ" ಎನ್ನುತ್ತಿದ್ದಳು. ಅವನು ಯಾರೋ ಕುರ್ಚಿ ರಿಪೇರಿಗೆ ತಂದಿಟ್ಟವರಿಗೆ ಹೇಳುವಂತೆ, "ಆಗ್ಲಿ, ಇಟ್ಟುಹೋಗಿ, ನೋಡ್ತೀನಿ" ಎನ್ನುತ್ತಿದ್ದ.

ಮೇಸ್ತ್ರಿ ಬಂದು ಮುರಿದ ಕಾಲುಗಳನ್ನು ಕೈಯಲ್ಲಿ ತಿರುಗಿಸಿ ನೋಡಿದ. "ಇದು ಜೋಡಿಸಿದ್ರೆ ನಿಲ್ಲಲ್ಲ. ಹೊಸಾವು ಮಾಡ್ಬೇಕು."

"ಒಂದೂವರೆ ಗಂಟೇಲಿ ಆಗುತ್ತಾ?" ಎಂದು ಕೇಳಿದವನು ಗೇಜು ಸಾಹೇಬ. ತೊಲೆಗಳ ಎತ್ತರ ಪರೀಕ್ಷಿಸುವ ಅಧಿಕಾರಿ ಅವನು. ಕೈಯಲ್ಲಿ ಸದಾ ಒಂದು ಉಕ್ಕಿನ ಅಳತೆಪಟ್ಟಿ ಇರುತ್ತಿದ್ದರಿಂದ ಆ ಹೆಸರು.

"ಮಾತಾಡಿಸ್ತಾ ನಿಂತ್ರೆ ಆಗಲ್ಲ" ಎಂದ ಮೇಸ್ತ್ರಿ.

ಕೋಣೆಯಲ್ಲಿ ಅವನ ಜೊತೆ ಟೇಪು ಹಿಡಿಯಲು ಹುಲ್ಲಪ್ಪ ಬಂದ. ಮೈದಾನದ ಹುಲ್ಲು ನೋಡಿಕೊಳ್ಳುವವನು, ಹುಲ್ಲಿನ ಮೇಲೆ ಯಾರಾದರೂ ಕಾಲಿಟ್ಟರೆ ತನ್ನ ಎದೆಯ ಮೇಲೆ ಇಟ್ಟಂತೆ ನರಳುವ ಮನುಷ್ಯ. ಅಕ್ಕ ಹೋದಮೇಲೆ ಟೇಪಿನ ಇನ್ನೊಂದು ತುದಿ ಹಿಡಿಯುವುದು ಅವನ ಪಾಲಿಗೆ ಬಂದಿತ್ತು.

ಮೇಸ್ತ್ರಿ ಟೇಪು ಹಿಡಿಯುವುದಕ್ಕೂ ಒಂದು ಕ್ರಮ ಇತ್ತು. ಟೇಪಿನ ತುದಿಯಲ್ಲಿರುವ ಕೊಕ್ಕೆಯನ್ನು ಅವನು ನಂಬುತ್ತಿರಲಿಲ್ಲ. ಅದು ಸವೆಯುತ್ತದೆ, ಸಡಿಲವಾಗುತ್ತದೆ, ಕೂದಲೆಳೆಯಷ್ಟು ಮೋಸ ಮಾಡುತ್ತದೆ. "ಕೊಕ್ಕೆ ಸುಳ್ಳು ಹೇಳುತ್ತೆ, ಗೆರೆ ಹೇಳಲ್ಲ" ಎಂಬುದು ಅವನ ವೇದವಾಕ್ಯ. ಆದ್ದರಿಂದ ಅಳತೆ ಶುರುವಾಗುತ್ತಿದ್ದುದು ಸೊನ್ನೆಯಿಂದಲ್ಲ, ಹತ್ತರ ಗೆರೆಯಿಂದ. ಜೊತೆಯವರು ಹತ್ತರ ಗೆರೆಯನ್ನು ಮರದ ಬುಡಕ್ಕೆ ಸರಿಯಾಗಿ ಒತ್ತಿ ಹಿಡಿಯಬೇಕು. ಆ ಕಡೆ ಮೇಸ್ತ್ರಿ ಬೇಕಾದ ಅಳತೆಗೆ ಹತ್ತು ಸೇರಿಸಿ ಗುರುತು ಹಾಕಬೇಕು. ತೊಂಬತ್ತೊಂದು ಪಾಯಿಂಟ್ ನಾಲ್ಕು ಬೇಕಾದರೆ ಟೇಪಿನ ನೂರ ಒಂದು ಪಾಯಿಂಟ್ ನಾಲ್ಕಕ್ಕೆ. ಸೇರಿಸಲು ಮರೆತರೆ ಮರ ಹತ್ತು ಸೆಂಟಿಮೀಟರ್ ಕುಳ್ಳಾಗುತ್ತದೆ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಕುಳ್ಳಾಗಿರಲಿಲ್ಲ.

ಹುಲ್ಲಪ್ಪ ಹತ್ತರ ಗೆರೆಯನ್ನು ಬುಡಕ್ಕೆ ಒತ್ತಿ ಹಿಡಿದ. ಮೇಸ್ತ್ರಿ ಟೇಪು ಎಳೆದ. ಹೊರಗೆ ಮೈಕು ಯಾರದೋ ಹೆಸರು ಕೂಗುತ್ತಿತ್ತು. ಹುಲ್ಲಪ್ಪ ಯಾಕೋ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಪೆನ್ಸಿಲು ಗೆರೆ ಎಳೆಯಿತು, ಗರಗಸ ಹರಿಯಿತು, ನಾಲ್ಕೂ ಇಪ್ಪತ್ತಕ್ಕೆ ತೊಲೆ ಹೊಸ ಕಾಲುಗಳ ಮೇಲೆ ನಿಂತಿತು.

ಗೇಜು ಸಾಹೇಬ ಅಳತೆಪಟ್ಟಿ ಹಿಡಿದು ಬಗ್ಗಿದ್ದೇ ತಡ, ಆಚೆ ಸುತ್ತಿಗೆ ಎಸೆತದ ಸ್ಪರ್ಧೆಯವನೊಬ್ಬ ಸುತ್ತಿಗೆಯನ್ನು ಬಲೆಯ ಕಂಬಕ್ಕೇ ಎಸೆದ. ಕಂಬ ವಾಲಿತು, ಶಿಳ್ಳೆಗಳು ಮೊಳಗಿದವು, ಸಾಹೇಬನ ಕೈಯ ವಾಕಿಟಾಕಿ ಕಿರುಚಿಕೊಂಡಿತು. ಹುಲ್ಲಪ್ಪನಿಗೂ ಕರೆ ಬಂತು, ಆ ಕಡೆಯ ಹುಲ್ಲಿನಲ್ಲಿ ಸುತ್ತಿಗೆ ತೋಡಿದ ಗುಂಡಿಗಳನ್ನು ಮುಚ್ಚಲು. ಅವನು ಅಳುಮುಖ ಮಾಡಿಕೊಂಡು ಓಡಿದ.

ಸಾಹೇಬ ಅರ್ಧ ಬಗ್ಗಿದ ಹಾಗೆಯೇ ಕೇಳಿದ: "ಮೇಸ್ತ್ರಿ, ಸರಿಯಾಗಿದೆ ತಾನೆ?"

"ನನ್ನ ಅಳತೆ ಯಾವತ್ತು ತಪ್ಪಿದೆ?"

"ಅಷ್ಟು ಸಾಕು." ಸಾಹೇಬ ಕಾಗದಕ್ಕೆ ಸಹಿ ಗೀಚಿ ಓಡಿದ. ಎಂಟು ಜನ ಸೇರಿ ತೊಲೆಯನ್ನು ಹಾದಿಯ ಮೇಲೆ ಅದರ ಜಾಗಕ್ಕೆ ಹೊತ್ತೊಯ್ದರು.

ಐದು ಗಂಟೆಗೆ ಮೇಸ್ತ್ರಿ ನೀರಿನ ಗುಂಡಿಯ ಹತ್ತಿರ ಹೋಗಿ ನಿಂತ. ಅಲ್ಲಿ ನೀರಣ್ಣ ಇದ್ದ. ಗುಂಡಿಗೆ ನೀರು ತುಂಬಿಸುವುದು, ನಲ್ಲಿ ಪೈಪು ನೋಡಿಕೊಳ್ಳುವುದು ಅವನ ಕೆಲಸ. ಈ ಓಟವನ್ನು ತನಗಾಗಿಯೇ ಏರ್ಪಡಿಸಿದ್ದಾರೆಂದು ಅವನು ನಂಬಿದ್ದ. ಹದಿನೈದು ಜನ ಓಟಗಾರರು ಸಾಲಾಗಿ ನಿಂತಾಗ ಮೀಸೆ ತಿರುವಿ, "ಎಷ್ಟು ದೊಡ್ಡ ದೇಶದೋರೇ ಆಗ್ಲಿ, ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ?" ಎಂದ.

ಆ ಹದಿನೈದರಲ್ಲಿ ಒಬ್ಬ ನಮ್ಮವನು. ಅಂಚೆ ಕಚೇರಿಯಲ್ಲಿ ಕಾಗದ ಹಂಚುವ ಕೆಲಸ, ಹಾಗಾಗಿ ಊರಿಗೆಲ್ಲ ಅವನು ಅಂಚೆಯವನೇ. ಆರು ವರ್ಷದಿಂದ ದಿನಾ ನಸುಕಿನಲ್ಲಿ ಇದೇ ಮೈದಾನಕ್ಕೆ ಬಂದು, ಮೇಸ್ತ್ರಿ ಮಾಡಿಕೊಟ್ಟ ಹಳೆಯ ತೊಲೆಗಳ ಮೇಲೆ ಹಾರಿ ಹಾರಿ ಮೊಣಕಾಲು ಕೆತ್ತಿಸಿಕೊಂಡವನು. ಅಕ್ಕ ಗುಡಿಸುವುದು ಬಿಟ್ಟು ಅವನ ಗಾಯಕ್ಕೆ ಔಷಧಿ ಹಚ್ಚುತ್ತಿದ್ದಳು. "ಇವನಿಗೊಂದು ಪದಕ ಬಂದ್ರೆ ನನ್ನ ಔಷಧಿ ಖರ್ಚು ಗಿಟ್ಟುತ್ತೆ" ಎನ್ನುತ್ತಿದ್ದಳು. ಈ ಓಟದಲ್ಲಿ ಈ ದೇಶದವರಿಗೆ ಇದುವರೆಗೆ ಒಂದು ಪದಕವೂ ಬಂದಿರಲಿಲ್ಲ.

ಪಿಸ್ತೂಲು ಹಾರಿತು. ಮೊದಲ ಸುತ್ತು ಮುಗಿಯುವ ಹೊತ್ತಿಗೆ ಅಂಚೆಯವನು ಒಂಬತ್ತನೆಯವನಾಗಿದ್ದ. ಮೈಕಿನವನು ಜನರಿಗೆ ಓಟದ ವಿವರ ಹೇಳುತ್ತಿದ್ದ. "ಪ್ರತಿಯೊಂದು ತೊಲೆಯ ಎತ್ತರ ತೊಂಬತ್ತೊಂದು ಪಾಯಿಂಟ್ ನಾಲ್ಕು ಸೆಂಟಿಮೀಟರ್..."

ಮೇಸ್ತ್ರಿ ತಲೆದೂಗಿದ. ಹೌದು, ತೊಂಬತ್ತೊಂದು ಪಾಯಿಂಟ್ ನಾಲ್ಕು. ಹಾಗೆಂದುಕೊಂಡೇ ಅಲ್ಲವೇ ಟೇಪು ಎಳೆದದ್ದು. ತೊಂಬತ್ತೊಂದು ಪಾಯಿಂಟ್ ನಾಲ್ಕು, ತೊಂಬತ್ತೊಂದು ಪಾಯಿಂಟ್ ನಾಲ್ಕು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಗುರುತು ಹಾಕಿದ್ದು. ಆಮೇಲೆ ಹತ್ತು?

ತೂಗುತ್ತಿದ್ದ ತಲೆ ಅರ್ಧಕ್ಕೇ ನಿಂತಿತು.

ಹತ್ತು ಅವನ ಕೆಲಸವಾಗಿರಲಿಲ್ಲ, ಅದು ಅವಳದು. ಮೂವತ್ತೊಂದು ವರ್ಷವೂ ಟೇಪಿನ ಆ ತುದಿಯಲ್ಲಿ ಹತ್ತರ ಗೆರೆಯ ಮೇಲೆ ಹೆಬ್ಬೆರಳು ಒತ್ತಿ ಕೂತವಳು, ಅವನು ಪೆನ್ಸಿಲು ಊರುವ ಮೊದಲು ಕೇಳುತ್ತಿದ್ದಳು: "ನನ್ನ ಹತ್ತು ಕೊಟ್ರಾ?" ಸಾಲ ವಸೂಲಿಗೆ ಬಂದವಳ ಹಾಗೆ, ಒಂದು ಸಲವೂ ಬಿಡದೆ. "ಕೊಟ್ಟೆ ಕಣೇ" ಎಂದು ಅವನು ಗುರುತನ್ನು ಹತ್ತು ಮುಂದೆ ಸರಿಸುತ್ತಿದ್ದ. ಈವತ್ತು ಆ ತುದಿಯಲ್ಲಿ ಕೂತಿದ್ದವನು ಹುಲ್ಲಪ್ಪ. ಹುಲ್ಲಪ್ಪ ಬಾಯಿ ಬಿಟ್ಟದ್ದು ಮೇಸ್ತ್ರಿಗೆ ನೆನಪಿಲ್ಲ. ಯಾರೂ ಕೇಳಿರಲಿಲ್ಲ, ಅವನು ಕೊಟ್ಟಿರಲಿಲ್ಲ.

ಅವನು ಕಣ್ಣು ಕಿರಿದು ಮಾಡಿ ಮೂರನೇ ತೊಲೆಯನ್ನು ನೋಡಿದ. ಕುಳ್ಳಾಗಿ ಕಂಡಿತು. ಎರಡನೆಯದನ್ನು ನೋಡಿ ಮತ್ತೆ ಇದನ್ನು ನೋಡಿದ. ಇನ್ನೂ ಕುಳ್ಳಾಗಿ ಕಂಡಿತು. ಅಂಚೆಯವನು ಬಂದ. ಎರಡನೇ ತೊಲೆಗೆ ಮೊಣಕಾಲು ಸವರಿಕೊಂಡವನು ಮೂರನೆಯದನ್ನು ಹೊಸ್ತಿಲು ದಾಟಿದಷ್ಟು ಸಲೀಸಾಗಿ ದಾಟಿ ಹೋದ. ಮೇಸ್ತ್ರಿ ಪಕ್ಕದವನ ಅಂಗಿ ಹಿಡಿದು ಜಗ್ಗಿದ.

"ನೀರಣ್ಣ, ಆ ತೊಲೆ ಹತ್ತು ಸೆಂಟಿಮೀಟರ್ ಕಡಿಮೆ ಇದೆ."

"ಯಾವ ತೊಲೆ?"

"ನಾನು ಮಾಡಿದ್ದು."

ನೀರಣ್ಣ ಸುತ್ತ ನೋಡಿ, ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ. "ಬಾಯಿಗೆ ಬೀಗ ಹಾಕ್ಕೊಳ್ಳಿ. ಎಲ್ರೂ ಹಾರ್ತಾ ಇರೋದು ಅದೇ ತೊಲೇನೆ ಅಲ್ವಾ? ಕಡಿಮೆ ಆದ್ರೆ ಎಲ್ರಿಗೂ ಕಡಿಮೆ. ಇದ್ರಲ್ಲಿ ಅನ್ಯಾಯ ಎಲ್ಲಿ ಬಂತು?"

"ಅಳತೆ ತಪ್ಪಿದ್ರೆ ಓಟಾನೇ ರದ್ದು. ರೂಲ್ಸ್ ಇದೆ."

"ರೂಲ್ಸಿಗೆ ಕಣ್ಣಿದೆಯಾ? ನೀವು ತೋರಿಸಿದ್ರೆ ತಾನೇ ನೋಡೋದು?"

ಅಷ್ಟರಲ್ಲಿ ಸ್ಟೋರಮ್ಮ ಕಡಲೆ ಮೆಲ್ಲುತ್ತಾ ಬಂದಳು. ಗುಟ್ಟು ಎಲ್ಲಿದ್ದರೂ ಅವಳಿಗೆ ವಾಸನೆ ಬರುತ್ತಿತ್ತು. ಇಬ್ಬರ ಮುಖ ನೋಡಿ, ಬಾಯಿ ಬಿಡಿಸಿ, ವಿಷಯ ತಿಳಿದುಕೊಂಡು, ಎರಡು ಕಡಲೆ ಹೆಚ್ಚು ಹಾಕಿಕೊಂಡು ತೀರ್ಪು ಕೊಟ್ಟಳು. "ಮೇಸ್ತ್ರಿ, ನನಗೊಂದು ಅರ್ಜಿ ಬರೆದು ಕೊಡಿ. ದುಃಖದಲ್ಲಿದ್ದೆ, ಮನಸ್ಸು ಸರಿ ಇರ್ಲಿಲ್ಲ ಅಂತ. ಸೋಮವಾರ ಫೈಲಿಗೆ ಹಾಕ್ತೀನಿ. ಫೈಲಿಗೆ ಹೋದದ್ದು ಹೊರಗೆ ಬಂದದ್ದನ್ನ ನಾನಂತೂ ನೋಡಿಲ್ಲ."

ಓಟ ಇವರ ಪಂಚಾಯಿತಿಗೆ ಕಾಯಲಿಲ್ಲ. ಐದನೇ ಸುತ್ತಿನಲ್ಲಿ ಒಬ್ಬ ನೀರಿನ ಗುಂಡಿಗೆ ತಲೆಕೆಳಗಾಗಿ ಬಿದ್ದು ನೀರಣ್ಣನ ಜನ್ಮ ಸಾರ್ಥಕ ಮಾಡಿದ. ಆರನೇ ಸುತ್ತಿನಲ್ಲಿ ಅಂಚೆಯವನು ಐದನೆಯವನಾದ. ಕೊನೆಯ ಸುತ್ತಿನ ಗಂಟೆ ಬಾರಿಸಿದರು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಮೂರನೇ ತೊಲೆಯ ಮೇಲೆ ಮಾತ್ರ ಅಂಚೆಯವನು ಯಾರನ್ನೂ ದಾಟದಿರಲಿ ಎಂದು ಬೇಡಿಕೊಂಡ. ಕಣ್ಣು ತೆರೆದಾಗ ಅಂಚೆಯವನು ಅದೇ ತೊಲೆಯ ಮೇಲೆ ಇಬ್ಬರನ್ನು ದಾಟುತ್ತಿದ್ದ. ಗುಂಡಿಯ ನೀರು ಮೇಸ್ತ್ರಿಯ ಮುಖಕ್ಕೆ ಸಿಡಿಯಿತು. ಮೂವತ್ತು ಸಾವಿರ ಜನ ಒಂದೇ ಗಂಟಲಲ್ಲಿ ಕೂಗಿದರು. ಅಂಚೆಯವನು ಎದೆ ಮುಂದೆ ಚಾಚಿ, ನಾಲ್ಕನೆಯವನಿಗಿಂತ ಒಂದು ಗೇಣು ಮುಂದೆ, ಮೂರನೆಯವನಾಗಿ ಗೆರೆ ಮುಟ್ಟಿ ಹಾಗೆಯೇ ನೆಲಕ್ಕೆ ಬಿದ್ದ. ಕಂಚಿನ ಪದಕ.

ನೀರಣ್ಣ ಅಳುತ್ತಿದ್ದ, ಸ್ಟೋರಮ್ಮ ಕಡಲೆ ಪೊಟ್ಟಣ ಎಸೆದು ಕುಣಿಯುತ್ತಿದ್ದಳು. ಮೇಸ್ತ್ರಿ ಒಬ್ಬ ಮುಖ ಒರೆಸಿಕೊಳ್ಳುತ್ತಾ ನಿಂತಿದ್ದ.

"ಈಗ ನನ್ನ ಮಾತು ಕೇಳಿ" ಎಂದ ನೀರಣ್ಣ, ಮೂಗು ಸೀಟಿಕೊಂಡು. "ಆ ತೊಲೇನ ಮೆಲ್ಲಗೆ ನಿಮ್ಮ ಕೋಣೆಗೆ ಸಾಗಿಸೋಣ. ನಾಳೆ ಬೆಳಿಗ್ಗೆಗೆ ಸರಿಯಾದ ಕಾಲು ಹಾಕಿ ತಂದಿಡಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಮೆಲ್ಲಗೆ ಸಾಗಿಸಲು ಅದೇನು ಹೂವಿನ ಕುಂಡವೇ? ನೂರು ಕಿಲೋ ತೂಕದ ತೊಲೆ. ಇಬ್ಬರೂ ಎರಡು ತುದಿ ಹಿಡಿದು ತಿಣುಕಿದರು. ಅದು ಮಿಸುಕಲಿಲ್ಲ. ಅವರ ತಿಣುಕಾಟ ಕಂಡು ಹಳದಿ ಅಂಗಿಯ ಸ್ವಯಂಸೇವಕರು ಆರು ಮಂದಿ ನಗುನಗುತ್ತಾ ಸಹಾಯಕ್ಕೆ ಬಂದರು. ಆರು ಮಂದಿಯನ್ನು ಕಂಡು ಫೋಟೋದವರು ಬಂದರು. ಫೋಟೋದವರನ್ನು ಕಂಡು, ಹೆಗಲಿಗೆ ಬಾವುಟ ಹೊದ್ದ ಅಂಚೆಯವನೇ ಕುಂಟುತ್ತಾ ಬಂದು ತೊಲೆಯ ಮೇಲೆ ಹತ್ತಿ ಕೂತ.

"ಈ ತೊಲೆ ಬಗ್ಗೆ ಒಂದ್ಮಾತು ಹೇಳ್ಬೇಕು" ಎಂದ ಮೈಕುಗಳಿಗೆ. "ಮಿಕ್ಕ ತೊಲೆಗಳೆಲ್ಲ ನನ್ನ ಕಾಲು ಹಿಡಿದೆಳೀತಿದ್ವು. ಇದೊಂದು ಮಾತ್ರ ಪ್ರತಿ ಸಲ ತಲೆ ಬಗ್ಗಿಸಿ ದಾರಿ ಬಿಟ್ಟ ಹಾಗಾಯ್ತು. ಪದಕ ಕೊಟ್ಟಿದ್ದೇ ಇದು." ಬಗ್ಗಿ ತೊಲೆಗೆ ಮುತ್ತು ಕೊಟ್ಟ. ಕ್ಯಾಮೆರಾಗಳು ಮಿಂಚಿದವು.

ಮೇಸ್ತ್ರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಾಯಿ ಬಿಟ್ಟವರು ಸ್ವಯಂಸೇವಕರು. ಅದೃಷ್ಟದ ತೊಲೆ ಎಂದು ಜೈಕಾರ ಹಾಕಿ, ಅಂಚೆಯವನನ್ನು ಕೂರಿಸಿಕೊಂಡೇ ಅದನ್ನು ಎತ್ತಿ, ಮೆರವಣಿಗೆಯಲ್ಲಿ ಪದಕ ಪ್ರದಾನದ ಕಟ್ಟೆಯ ಪಕ್ಕಕ್ಕೆ ತಂದಿಟ್ಟು, ಸುತ್ತ ಹಗ್ಗ ಕಟ್ಟಿಬಿಟ್ಟರು.

ಪದಕ ಪ್ರದಾನಕ್ಕೆ ಹತ್ತು ನಿಮಿಷ ಇತ್ತು. ವಾದ್ಯದವರು ತುತ್ತೂರಿ ಒರೆಸಿಕೊಳ್ಳುತ್ತಿದ್ದರು. ಓಟದ ಹಾದಿಯ ಅಂಚಿನಲ್ಲಿ ನಾಲ್ಕನೆಯವನು, ಯಾವ ದೇಶದವನೋ, ತಲೆಯ ಮೇಲೆ ಟವೆಲು ಹಾಕಿಕೊಂಡು ಕೂತಿದ್ದ. ಮೇಸ್ತ್ರಿ ಒಮ್ಮೆ ಅವನನ್ನು ನೋಡಿದ, ಒಮ್ಮೆ ಅಂಚೆಯವನನ್ನು ನೋಡಿದ. ಹೇಳಿದರೆ ಇವನ ಆರು ವರ್ಷ ಮಣ್ಣು ಪಾಲು. ಹೇಳದಿದ್ದರೆ ಆ ಪದಕದಲ್ಲಿ ಸದಾ ಹತ್ತು ಸೆಂಟಿಮೀಟರ್ ಸುಳ್ಳು ಇರುತ್ತದೆ. ಅದು ಅಂಚೆಯವನಿಗೆ ಗೊತ್ತಾಗುವುದಿಲ್ಲ, ಊರಿಗೆ ಗೊತ್ತಾಗುವುದಿಲ್ಲ, ಸಂಜೆ ಮನೆಗೆ ಹೋಗಿ ಒಬ್ಬನೇ ಕೂತಾಗ ತನಗೆ ಗೊತ್ತಿರುತ್ತದೆ.

"ಅವಳಿದ್ದಿದ್ರೆ ಏನ್ ಅಂತಿದ್ಲು ಗೊತ್ತಾ?" ಎಂದ ನೀರಣ್ಣನಿಗೆ.

"ಸುಮ್ನಿರಿ ಅಂತಿದ್ರು."

"ಅವಳು ಸುಮ್ನಿದ್ದದ್ದು ಯಾವತ್ತು?" ಎಂದು ಮೇಸ್ತ್ರಿ ಹಗ್ಗ ದಾಟಿ ಗೇಜು ಸಾಹೇಬನ ಹತ್ತಿರ ನಡೆದ.

ಮಾತು ಆಡಿದರೆ ಹೋಯ್ತು. ಗೇಜು ಸಾಹೇಬ ಬಿಳಿಚಿಕೊಂಡ. ತಾನು ಅಳೆಯದೆ ಸಹಿ ಹಾಕಿದ್ದು ನೆನಪಾಗಿ ಇನ್ನೂ ಬಿಳಿಚಿಕೊಂಡ. ಮುಖ್ಯ ತೀರ್ಪುಗಾರ್ತಿಗೆ ಸುದ್ದಿ ಹೋಯಿತು. ನರೆಗೂದಲಿನ, ಕಡ್ಡಿಯಂತೆ ನೆಟ್ಟಗೆ ನಿಲ್ಲುವ ಹೆಂಗಸು ಆಕೆ. ಕೈ ಎತ್ತಿದಳು, ವಾದ್ಯ ಅರ್ಧ ರಾಗದಲ್ಲಿ ನಿಂತಿತು. ಮೂರನೇ ತೊಲೆಯ ಅಳತೆಯ ಬಗ್ಗೆ ಬಡಗಿಯೇ ದೂರು ಕೊಟ್ಟಿರುವುದರಿಂದ ಪದಕ ಪ್ರದಾನ ತಡವಾಗುತ್ತದೆ ಎಂದು ಮೈಕಿನಲ್ಲಿ ಹೇಳಿದರು. ಅಂಚೆಯವನು ಕಟ್ಟೆಯ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟವನು ಹಾಗೆಯೇ ನಿಂತ.

"ಎಷ್ಟು ಕಡಿಮೆ ಇದೆ ಅಂದ್ರಿ?" ಎಂದು ತೀರ್ಪುಗಾರ್ತಿ ಕೇಳಿದಳು.

"ಹತ್ತು ಸೆಂಟಿಮೀಟರ್, ಅಮ್ಮಾ."

ತೊಲೆಯನ್ನು ಸಮತಟ್ಟು ನೆಲದ ಮೇಲೆ ಇಡಿಸಿದರು. ಗೇಜು ಸಾಹೇಬ ಈ ಸಲ ಪೂರ್ತಿ ಬಗ್ಗಿದ. ಮಂಡಿಯೂರಿದ. ಉಕ್ಕಿನ ಪಟ್ಟಿ ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು ಓದಿದ. "ತೊಂಬತ್ತೊಂದು ಪಾಯಿಂಟ್ ನಾಲ್ಕು."

ಆ ತುದಿಯನ್ನು ಅಳೆದರು. ತೊಂಬತ್ತೊಂದು ಪಾಯಿಂಟ್ ನಾಲ್ಕು. ನಡುವೆ ಅಳೆದರು. ತೀರ್ಪುಗಾರ್ತಿ ತಾನೇ ಬಗ್ಗಿ ನೋಡಿದಳು. "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ವಲ್ಲ."

"ಇರ್ಬೇಕಲ್ಲ" ಎಂದ ಮೇಸ್ತ್ರಿ.

"ಏನು ಇರ್ಬೇಕು?"

"ಹತ್ತು ಕಡಿಮೆ ಇರ್ಬೇಕು. ಇನ್ನೊಂದ್ಸಲ ನೋಡಿ ಅಮ್ಮಾ, ನಾನು ಹತ್ತು ಸೇರಿಸಿಲ್ಲ. ಯಾರೂ ಕೇಳೇ ಇಲ್ಲ ನನ್ನನ್ನ."

ತೀರ್ಪುಗಾರ್ತಿ ಅವನನ್ನು ಒಂದು ಕ್ಷಣ ನೋಡಿ, ಗೇಜು ಸಾಹೇಬನನ್ನು ನೋಡಿದಳು. ಸಾಹೇಬ ಹಣೆಯ ಪಕ್ಕದಲ್ಲಿ ಬೆರಳು ತಿರುಗಿಸಿ ತೋರಿಸಿದ. ಈಗ ಅವನ ಮುಖಕ್ಕೆ ಬಣ್ಣ ಬಂದಿತ್ತು. "ಇರಲಾರದೆ ಇರುವೆ ಬಿಟ್ಕೊಂಡ್ರು ಅಂತ ಕೇಳಿದ್ದೆ" ಎಂದ. "ನೀವು ಊರಿನ ಮೈಮೇಲೇ ಬಿಟ್ರಲ್ಲ ಮೇಸ್ತ್ರಿ."

ವಾದ್ಯ ಮತ್ತೆ ಶುರುವಾಯಿತು. ಅಂಚೆಯವನ ಕೊರಳಿಗೆ ಪದಕ ಬಿತ್ತು. ಜನ ಅವನಿಗೆ ಜೈ ಎಂದರು. ನಡುನಡುವೆ ಬಡಗಿಗೆ ಧಿಕ್ಕಾರವೂ ಕೇಳಿಸಿತು. ಕಟ್ಟೆ ಇಳಿದು ಬಂದ ಅಂಚೆಯವನು ಮೇಸ್ತ್ರಿಯ ಎದುರು ನಿಂತ. ಆರು ವರ್ಷದಿಂದ ದಿನಾ ನಗುತ್ತಿದ್ದ ಮುಖದಲ್ಲಿ ನಗು ಇರಲಿಲ್ಲ. "ಎಲ್ಲಾ ಬಿಟ್ಟು ನನ್ನ ಪದಕದ ಮೇಲೆ ಯಾಕೆ ಕಣ್ಣು ಬಿತ್ತು ಮೇಸ್ತ್ರಿ? ನೀವಾಗಿ ಹೀಗೆ ಮಾಡೋದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ.

ಪದಕ ಉಳಿದದ್ದಕ್ಕೆ ಮೇಸ್ತ್ರಿಗೆ ಸಂತೋಷ ಆಗಬೇಕಿತ್ತು, ಆಗಿಯೂ ಇತ್ತು. ಆದರೆ ಅದರ ಕೆಳಗೆ ಬೇರೊಂದು ಸಂಕಟ ಕೂತಿತ್ತು. ಅವಳು ಕೇಳದೆಯೇ ಅಳತೆ ಸರಿಯಾಗಿದೆ. ಹಾಗಾದರೆ ಮೂವತ್ತೊಂದು ವರ್ಷ ಅವಳು ಸುಮ್ಮನೆ ಕೇಳಿದಳೇ? ಅವಳಿಲ್ಲದೆಯೂ ನಡೆಯುತ್ತದೆ ಎಂದಾದರೆ ತಾನು ಎಂಥ ಗಂಡ ಎಂದು ಅವನಿಗೆ ನಾಚಿಕೆಯಾಯಿತು.

ಗೇಜು ಸಾಹೇಬ ಹಿಂದಿನಿಂದ ಕರೆದು ಹೇಳಿದ: "ನಾಳೆ ಬೆಳಿಗ್ಗೆ ಹೆಂಗಸರ ಓಟ. ಆ ಕ್ಯಾಮೆರಾದವನನ್ನ ನಂಬೋಕಾಗಲ್ಲ. ಎಪ್ಪತ್ತಾರು ಪಾಯಿಂಟ್ ಎರಡರ ಒಂದು ಜೊತೆ ಕಾಲು ಹೆಚ್ಚಿಗೆ ಮಾಡಿಟ್ಟು ಮನೆಗೆ ಹೋಗಿ. ಆಮೇಲೆ ದಯವಿಟ್ಟು ಯಾರಿಗೂ ಏನೂ ಹೇಳ್ಬೇಡಿ."

ಕೋಣೆಯಲ್ಲಿ ಹುಲ್ಲಪ್ಪ ಆಗಲೇ ಬಂದು ಕೂತಿದ್ದ. ಕೈಯೆಲ್ಲ ಮಣ್ಣು. ಕಿಟಕಿಯಲ್ಲಿ ಇನ್ನೂ ಸಂಜೆಯ ಬೆಳಕಿತ್ತು.

"ನಾನು ಹಿಂದೆ ನಿಂತು ಎಲ್ಲ ಕೇಳ್ತಾ ಇದ್ದೆ ಮೇಸ್ತ್ರಿ. ಅಷ್ಟು ಜನರ ಮುಂದೆ ಹೇಗೆ ಹೇಳ್ಲಿ? ಬಾಯಿ ಬರ್ಲಿಲ್ಲ."

"ಏನು ಹೇಳೋದು?"

"ಹತ್ತು ಕೇಳಿದ್ರು."

"ಯಾರು?"

ಹುಲ್ಲಪ್ಪ ಉಗುರಿನ ಮಣ್ಣು ತೆಗೆಯತೊಡಗಿದ. "ನೀವೇ. ಟೇಪು ಎಳೆದಾದ್ಮೇಲೆ ಹೆಣ್ಣು ದನಿ ಮಾಡಿ, 'ನನ್ನ ಹತ್ತು ಕೊಟ್ರಾ' ಅಂತೀರಿ. ಥೇಟ್ ಅಕ್ಕನ ಹಾಗೇ. ಆಮೇಲೆ ನಿಮ್ಮ ದನೀಲೇ 'ಕೊಟ್ಟೆ ಕಣೇ' ಅಂದು ಗುರುತು ಸರಿಸ್ತೀರಿ. ನಾಲ್ಕು ತಿಂಗಳಿಂದ ಪ್ರತಿ ಸಲ. ಮೊದಲನೇ ದಿನ ನನಗೆ ಮೈ ಜುಂ ಅಂತು. ಈಗ ಗೋಡೆ ಕಡೆ ತಿರುಗಿ ಕೂತ್ಕೋತೀನಿ. ನಿಮಗೆ ಗೊತ್ತಿಲ್ಲ ಅಂತ ನನಗೆ ಗೊತ್ತಾಯ್ತು. ಹೇಳ್ಬಾರ್ದು ಅಂತ ಇದ್ದೆ."

ಮೇಸ್ತ್ರಿ ಟೇಪು ಎತ್ತಿಕೊಂಡು ಹತ್ತರ ಗೆರೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿದ. ಆಮೇಲೆ, "ಇವತ್ತೂ ಕೇಳಿದ್ಲಾ?" ಎಂದ.

"ಇವತ್ತು ಜೋರಾಗೇ ಕೇಳಿದ್ರು. ಮೈಕಿನ ಗಲಾಟೆ ಇತ್ತಲ್ಲ."

ಮೇಸ್ತ್ರಿಯ ಮುಖದಲ್ಲಿ ನಾಲ್ಕು ತಿಂಗಳಲ್ಲಿ ಕಾಣದ ಒಂದು ನಗು ಸುಳಿಯಿತು. ಅವನು ಎದ್ದು ಮರದ ತುಂಡು ಹಲಗೆಯ ಮೇಲಿಟ್ಟ. "ಬಾ, ಹಿಡ್ಕೋ. ಎಪ್ಪತ್ತಾರು ಪಾಯಿಂಟ್ ಎರಡು."

ಹುಲ್ಲಪ್ಪ ಹತ್ತರ ಗೆರೆಯನ್ನು ಬುಡಕ್ಕೆ ಒತ್ತಿ ಹಿಡಿದ. ಮೇಸ್ತ್ರಿ ಟೇಪು ಎಳೆದು, ಪೆನ್ಸಿಲು ಹಿಡಿದು ನಿಂತ. ಇಬ್ಬರೂ ಕಾದರು. ಹುಲ್ಲಪ್ಪ ಮರ್ಯಾದೆಗೆಂದು ಗೋಡೆಯ ಕಡೆ ತಿರುಗಿಕೊಂಡ. ಮೇಸ್ತ್ರಿ ಉಸಿರು ಬಿಗಿಹಿಡಿದು ಕಿವಿಗೊಟ್ಟ. ಅವನಿಗೆ ಒಂದು ಸಲ, ಒಂದೇ ಒಂದು ಸಲ, ಆ ದನಿಯನ್ನು ತಾನೂ ಕೇಳಬೇಕಾಗಿತ್ತು. ಹೊರಗೆ ಜನ ಚದುರಿ ಹೋಗುವ ಸದ್ದು ಕಡಿಮೆಯಾಗುತ್ತಾ ಬಂತು. ಹತ್ತು ಯಾರೂ ಕೇಳಲಿಲ್ಲ. ಕೊನೆಗೆ ಪೆನ್ಸಿಲು ತಾನಾಗಿ ಮರಕ್ಕೆ ತಾಗಿತು. ಅವನು ಗೆರೆ ಎಳೆದ, ಗರಗಸ ಎತ್ತಿಕೊಂಡ, ಕೊಯ್ದ.

ತುಂಡು ಕೆಳಗೆ ಬಿತ್ತು. ಹುಲ್ಲಪ್ಪ ಅದನ್ನು ಎತ್ತಿ ಟೇಪಿನ ಪಕ್ಕ ಹಿಡಿದ, ಮತ್ತೆ ಹಿಡಿದ, ತಲೆ ಎತ್ತಲಿಲ್ಲ.

"ಮೇಸ್ತ್ರಿ, ಅರವತ್ತಾರು ಪಾಯಿಂಟ್ ಎರಡು ಬಂದಿದೆ."

ಮೇಸ್ತ್ರಿ ತುಂಡನ್ನು ಕೈಗೆ ತೆಗೆದುಕೊಂಡು ಹೊಟ್ಟಿನ ರಾಶಿಯ ಮೇಲೆ ಕೂತ.

"ಈಗ ಹೋದ್ಲು" ಎಂದು ಬಿಕ್ಕಿದ.

ಅವನು ಅತ್ತ. ನಾಲ್ಕು ತಿಂಗಳದ್ದು ಒಟ್ಟಿಗೇ ಅತ್ತ. ಸದ್ದು ಕೇಳಿ ಸ್ಟೋರಮ್ಮ ಬಾಗಿಲಿಗೆ ಬಂದಳು, ಆದರೆ ಎದೆ ಹಗುರಾಗುತ್ತೆ ಎಂದು ಹೇಳಲು ಅವಳಿಗೂ ಧೈರ್ಯ ಬರಲಿಲ್ಲ.